ದುಬೈನಲ್ಲಿ ಮನೆ ಕೊಳ್ಳುವ ಮುಂಚೆ ಯಾವ ಕಾಗದ ನೋಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ದುಬೈನಲ್ಲಿ ಫ್ಲ್ಯಾಟ್ ತಗೊಳ್ಳಬೇಕು ಅನ್ನುವ ಕನ್ನಡಿಗರಲ್ಲಿ ಎರಡು ಬಗೆ. ಕೆಲವರು ಅಲ್ಲೇ ದುಡಿಯುತ್ತಿರುವವರು. ಇನ್ನು ಕೆಲವರು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಕೂತು ಕೊಳ್ಳುವವರು. ಇಬ್ಬರ ಪ್ರಶ್ನೆಗಳೂ ಹೆಚ್ಚುಕಮ್ಮಿ ಒಂದೇ, ಉತ್ತರ ಮಾತ್ರ ಕೆಲವು ಕಡೆ ಬೇರೆ. ಫೋನಿನಲ್ಲಿ, ಮದುವೆಮನೆಯಲ್ಲಿ, ಮೆಸೇಜಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಓದುವಾಗ ಒಂದು ವಿಷಯ ಮನಸ್ಸಲ್ಲಿರಲಿ: ಮಾರುವವರು ಕೈಗೆ ಕೊಟ್ಟ ಕಾಗದ ಎಷ್ಟೇ ಚೆನ್ನಾಗಿರಲಿ, ಅದನ್ನು ಕೊಟ್ಟ ಕಚೇರಿಯ ದಾಖಲೆಯಲ್ಲಿ ನೀವೇ ಒಮ್ಮೆ ನೋಡಬೇಕು. ದುಬೈನಲ್ಲಿ ಇದು ಸುಲಭ. ಸುಲಭವಾಗಿದ್ದೂ ಜನ ನೋಡಲ್ಲ.

## ಶುರುವಿನ ಪ್ರಶ್ನೆಗಳು

ನಾವು ಭಾರತದವರು ದುಬೈನಲ್ಲಿ ಎಲ್ಲಿ ಬೇಕಾದರೂ ಮನೆ ತಗೋಬಹುದಾ?

ಇಲ್ಲ. ದುಬೈನ 2006ರ 7ನೇ ಕಾನೂನಿನ ಪ್ರಕಾರ ಯುಎಇ ಮತ್ತು ಗಲ್ಫ್ ಸಹಕಾರ ಮಂಡಳಿಯ ದೇಶಗಳವರು ಎಲ್ಲಿ ಬೇಕಾದರೂ ಕೊಳ್ಳಬಹುದು. ಉಳಿದ ವಿದೇಶಿಯರು ಸರ್ಕಾರ ಗೊತ್ತುಮಾಡಿದ ಪ್ರದೇಶಗಳಲ್ಲಿ ಮಾತ್ರ ಕೊಳ್ಳಬೇಕು. ದುಬೈ ಮರೀನಾ, ಡೌನ್‌ಟೌನ್, ಬಿಸಿನೆಸ್ ಬೇ, ಪಾಮ್ ಜುಮೇರಾ, ಜುಮೇರಾ ವಿಲೇಜ್ ಸರ್ಕಲ್ ಇಂಥ ಜಾಗಗಳು. ನಮ್ಮವರು ದಶಕಗಳಿಂದ ಬಾಡಿಗೆಗಿರುವ ಹಳೆಯ ದೇರಾ, ಕರಾಮಾ ಕಡೆಗಳಲ್ಲಿ ಸಾಮಾನ್ಯವಾಗಿ ನಮಗೆ ಸಿಗಲ್ಲ. ಪಟ್ಟಿ ಆಗಾಗ ಬೆಳೆಯುತ್ತದೆ. 2025ರಲ್ಲಿ ಶೇಖ್ ಜಾಯೆದ್ ರಸ್ತೆ ಮತ್ತು ಅಲ್ ಜದ್ದಾಫ್‌ನ ಕೆಲವು ಪ್ಲಾಟ್‌ಗಳನ್ನು ಫ್ರೀಹೋಲ್ಡ್‌ಗೆ, ಅಂದರೆ ಪೂರ್ತಿ ಒಡೆತನಕ್ಕೆ, ಬದಲಾಯಿಸಿಕೊಳ್ಳಲು ಅವಕಾಶ ಕೊಟ್ಟರು.

ಪ್ರದೇಶ ಸರಿ ಇದ್ದರೂ ಹಕ್ಕು ಯಾವ ಬಗೆಯದು ಅಂತ ಕೇಳಿ. ಫ್ರೀಹೋಲ್ಡ್ ಆದರೆ ಪೂರ್ತಿ ನಿಮ್ಮದು. ಲೀಸ್‌ಹೋಲ್ಡ್ ಆದರೆ ಹೆಚ್ಚೆಂದರೆ 99 ವರ್ಷ. ಮುಸಾತಹಾ ಅನ್ನುವುದೊಂದಿದೆ, ಇನ್ನೊಬ್ಬರ ಜಾಗದಲ್ಲಿ ಕಟ್ಟಿ ಬಳಸುವ ಹಕ್ಕು, ಅದು 50 ವರ್ಷದವರೆಗೆ. ದಲ್ಲಾಳಿ ಬಾಯಲ್ಲಿ ಎಲ್ಲವೂ "ಓನರ್‌ಶಿಪ್" ಆಗಿಬಿಡುತ್ತದೆ. ಟೈಟಲ್ ಡೀಡ್‌ನಲ್ಲಿ, ಅಂದರೆ ಹಕ್ಕುಪತ್ರದಲ್ಲಿ, ಏನು ಬರೆದಿದೆಯೋ ಅದಷ್ಟೇ ಲೆಕ್ಕ.

ಅಲ್ಲಿನ ವೀಸಾ ಇಲ್ಲದೆ ಕೊಳ್ಳೋಕಾಗುತ್ತಾ?

ಆಗುತ್ತದೆ. ಪಾಸ್‌ಪೋರ್ಟ್ ಸಾಕು. ಉಲ್ಟಾ, ಕೊಂಡ ಮನೆಯಿಂದಲೇ ವೀಸಾ ಸಿಗಬಹುದು. 20 ಲಕ್ಷ ದಿರ್ಹಮ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಆಸ್ತಿ ಇದ್ದರೆ 10 ವರ್ಷದ ಗೋಲ್ಡನ್ ವೀಸಾಗೆ ಅರ್ಜಿ ಹಾಕಬಹುದು. "ಬುಕಿಂಗ್ ಮಾಡಿದ ತಕ್ಷಣ ವೀಸಾ ಗ್ಯಾರಂಟಿ" ಅಂದರೆ ನಂಬಬೇಡಿ. ವೀಸಾ ಕೊಡುವುದು ಸರ್ಕಾರ, ಬಿಲ್ಡರ್ ಅಲ್ಲ.

ನಮ್ಮಲ್ಲಿ ಇಸಿ, ಖಾತಾ, ಮದರ್ ಡೀಡ್ ನೋಡ್ತೀವಿ. ಅಲ್ಲಿ ಏನು ನೋಡೋದು?

ನನಗೆ ತುಂಬ ಇಷ್ಟವಾದ ಪ್ರಶ್ನೆ, ಯಾಕೆಂದರೆ ಇಲ್ಲೇ ಎರಡು ಪದ್ಧತಿಗಳ ವ್ಯತ್ಯಾಸ ಕಾಣುವುದು.

ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿ ಕ್ರಯಪತ್ರವನ್ನು ದಾಖಲಿಸಿಕೊಳ್ಳುತ್ತದೆ. ಮಾರಿದವರಿಗೆ ನಿಜವಾಗಿ ಹಕ್ಕಿತ್ತು ಅಂತ ಗ್ಯಾರಂಟಿ ಕೊಡಲ್ಲ. ಅದಕ್ಕೇ ನಾವು ಮೂವತ್ತು ವರ್ಷದ ಇಸಿ ತೆಗೆಸಿ, ಮದರ್ ಡೀಡ್‌ನಿಂದ ಸರಪಳಿ ಹಿಡಿದು, ವಂಶವೃಕ್ಷ ನೋಡಿ, ವಕೀಲರಿಂದ ಅಭಿಪ್ರಾಯ ಬರೆಸುತ್ತೇವೆ. ದುಬೈನಲ್ಲಿ ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟ್‌ನ ರಿಜಿಸ್ಟರೇ ಹಕ್ಕಿನ ಸಾಕ್ಷಿ. ಮೋಸ, ನಕಲಿ ಸಾಬೀತಾದರೆ ಬಿಟ್ಟು ಅದನ್ನು ಪ್ರಶ್ನಿಸುವಂತಿಲ್ಲ ಅಂತ 2006ರ ಕಾನೂನೇ ಹೇಳುತ್ತದೆ. ರಿಜಿಸ್ಟರ್‌ನಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ರಿಜಿಸ್ಟರ್ ಆಗದ ಮಾರಾಟಕ್ಕೆ ಬೆಲೆ ಇಲ್ಲ.

ಹಾಗಾಗಿ ಹಳೆಯ ಕಾಗದದ ಕಟ್ಟು ಅಲ್ಲಿ ಕೇಳಬೇಕಾಗಿಲ್ಲ. ಇವತ್ತಿನ ರಿಜಿಸ್ಟರ್‌ನಲ್ಲಿ ಏನಿದೆ ಅನ್ನುವುದೇ ಮುಖ್ಯ. ಟೈಟಲ್ ಡೀಡ್‌ನಲ್ಲಿ ಮಾಲೀಕರ ಹೆಸರು, ಪ್ರದೇಶ, ಕಟ್ಟಡ, ಯುನಿಟ್ ನಂಬರ್, ಚದರ ಮೀಟರ್‌ನಲ್ಲಿ ವಿಸ್ತೀರ್ಣ, ಪಾರ್ಕಿಂಗ್, ಅಡಮಾನ ಇದೆಯಾ ಇಲ್ಲವಾ ಎಲ್ಲ ಇರುತ್ತದೆ. ದುಬೈ ರೆಸ್ಟ್ ಅನ್ನುವ ಇಲಾಖೆಯ ಆ್ಯಪ್‌ನಲ್ಲಿ ಡೀಡ್ ನಂಬರ್ ಹಾಕಿ ತಾಳೆ ನೋಡಬಹುದು. ಮಾಲೀಕರ ಹೆಸರನ್ನು ಪಾಸ್‌ಪೋರ್ಟ್ ಜೊತೆ ಅಕ್ಷರ ಅಕ್ಷರ ಹೋಲಿಸಿ. ನಮ್ಮವರ ಹೆಸರುಗಳಲ್ಲಿ ಇನಿಷಿಯಲ್, ಊರಿನ ಹೆಸರು, ತಂದೆಯ ಹೆಸರು ಹಿಂದೆಮುಂದೆ ಆಗುವುದು ಮಾಮೂಲು, ಅದಕ್ಕೇ ನೋಂದಣಿ ದಿನ ಕೆಲಸ ನಿಂತದ್ದೂ ಉಂಟು. ಪಾರ್ಕಿಂಗ್ ಡೀಡ್‌ನಲ್ಲಿ ಇಲ್ಲ ಅಂದರೆ, ಮಾರುವವರು ಕೈತೋರಿಸಿದ ಜಾಗ ನಿಮ್ಮದಲ್ಲ.

ಫೋನಲ್ಲಿ ಬರೋ ಜಾಹೀರಾತು ನಿಜವಾ ಅಂತ ಹೇಗೆ ಗೊತ್ತಾಗುತ್ತೆ?

ದುಬೈನಲ್ಲಿ ಆಸ್ತಿಯ ಜಾಹೀರಾತು ಹಾಕಲು ಟ್ರಖೀಸಿ ಅನ್ನುವ ವ್ಯವಸ್ಥೆಯಿಂದ ಅನುಮತಿ ನಂಬರ್ ಪಡೆಯಬೇಕು. ಸರಿಯಾದ ಜಾಹೀರಾತಿನಲ್ಲಿ ಆ ನಂಬರ್, ಜೊತೆಗೆ ಕ್ಯೂಆರ್ ಕೋಡ್ ಇರುತ್ತದೆ. ಸ್ಕ್ಯಾನ್ ಮಾಡಿದರೆ ಇಲಾಖೆಯ ಪುಟ ತೆರೆದುಕೊಂಡು ಯಾವ ಮನೆ, ಯಾವ ಕಂಪನಿ ಅಂತ ತೋರಿಸಬೇಕು. ಬೇರೆ ಯಾವುದೋ ಪುಟ ತೆರೆದುಕೊಂಡರೆ ಅಲ್ಲಿಗೇ ಬಿಡಿ.

ದಲ್ಲಾಳಿಗೂ ಕಾರ್ಡ್ ಇದೆ, ಅದರಲ್ಲಿ ಬಿಆರ್‌ಎನ್ ಅನ್ನುವ ನೋಂದಣಿ ಸಂಖ್ಯೆ ಇರುತ್ತದೆ. ಅವರ ಕಚೇರಿಗೆ ಓಆರ್‌ಎನ್. ಎರಡನ್ನೂ ದುಬೈ ರೆಸ್ಟ್‌ನಲ್ಲಿ ನೋಡಬಹುದು. ಬೆಂಗಳೂರಿನ ಹೋಟೆಲ್‌ಗಳಲ್ಲಿ ಶನಿವಾರ ಭಾನುವಾರ ನಡೆಯುವ ದುಬೈ ಪ್ರಾಪರ್ಟಿ ಮೇಳಗಳಲ್ಲೂ ಇದೇ ಕೇಳಿ. ನೆನಪಿರಲಿ, ಕರ್ನಾಟಕದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಡಿಕೊಳ್ಳುವುದು ಇಲ್ಲಿನ ಯೋಜನೆಗಳನ್ನು. ಮೇಳ ಬೆಂಗಳೂರಿನಲ್ಲಿ ನಡೆಯಿತು ಅಂತ ಆ ರೇರಾಗೆ ದೂರು ಕೊಡಲಾಗಲ್ಲ. ದುಬೈಗೆ ಅದರದ್ದೇ ರೇರಾ ಇದೆ, 2007ರಲ್ಲಿ ಶುರುವಾದದ್ದು, ಲ್ಯಾಂಡ್ ಡಿಪಾರ್ಟ್‌ಮೆಂಟ್‌ನ ಕೆಳಗೆ ಬರುತ್ತದೆ.

ಫಾರ್ಮ್ ಎ, ಬಿ, ಎಫ್ ಅಂತ ಏನೇನೋ ಸಹಿ ಹಾಕಿಸ್ತಾರೆ. ಅವೇನು?

ಫಾರ್ಮ್ ಎ ಮಾರುವವರು ಮತ್ತು ಅವರ ದಲ್ಲಾಳಿಯ ನಡುವಿನದು. ಫಾರ್ಮ್ ಬಿ ಕೊಳ್ಳುವ ನೀವು ಮತ್ತು ನಿಮ್ಮ ದಲ್ಲಾಳಿ. ಫಾರ್ಮ್ ಎಫ್ ಅಂದರೆ ಮಾರುವವರು ಮತ್ತು ಕೊಳ್ಳುವವರ ಒಪ್ಪಂದ, ನಮ್ಮ ಸೇಲ್ ಅಗ್ರಿಮೆಂಟ್ ಇದ್ದಂತೆ. ತೂಕ ಇರುವುದು ಇದಕ್ಕೆ. ಬೆಲೆ, ಕೊನೆಯ ದಿನಾಂಕ, ಯಾವ ಖರ್ಚು ಯಾರದು, ಹಿಂದೆ ಸರಿದರೆ ಏನು, ಎಲ್ಲ ಇದರಲ್ಲೇ ಬರಬೇಕು. ಇದಕ್ಕೆ ಸಹಿ ಹಾಕುವಾಗ ಸಾಮಾನ್ಯವಾಗಿ ಬೆಲೆಯ 10% ಮೊತ್ತದ ಚೆಕ್ ಠೇವಣಿಯಾಗಿ ಕೊಡುತ್ತಾರೆ. ಫಾರ್ಮ್ ಎ ಇಲ್ಲದೆ "ನನ್ನ ಹತ್ರ ಮನೆ ಇದೆ" ಅನ್ನುವ ದಲ್ಲಾಳಿಗೆ ಮಾಲೀಕರ ಒಪ್ಪಿಗೆಯೇ ಇಲ್ಲದಿರಬಹುದು. ಅದನ್ನು ಕೇಳಲು ಸಂಕೋಚ ಬೇಡ.

## ಕಟ್ಟಿ ಮುಗಿದ ಮನೆ ಕೊಳ್ಳುವಾಗ

ಮನೆ ಬೆಲೆ ಬಿಟ್ಟು ಇನ್ನೆಷ್ಟು ಖರ್ಚು ಬರುತ್ತೆ?

15 ಲಕ್ಷ ದಿರ್ಹಮ್‌ನ ಫ್ಲ್ಯಾಟ್ ಅಂತ ಇಟ್ಟುಕೊಳ್ಳಿ. ಲ್ಯಾಂಡ್ ಡಿಪಾರ್ಟ್‌ಮೆಂಟ್ ಶುಲ್ಕ 4%, ಅಂದರೆ 60,000. ಮಾರುವವರು ಅರ್ಧ, ಕೊಳ್ಳುವವರು ಅರ್ಧ ಕೊಡಬೇಕು ಅನ್ನುವುದು ಪುಸ್ತಕದ ಮಾತು, ಮಾರುಕಟ್ಟೆಯಲ್ಲಿ ಪೂರ್ತಿ ಕೊಳ್ಳುವವರ ತಲೆ ಮೇಲೆ. ದಲ್ಲಾಳಿ ಕಮಿಷನ್ ಸಾಮಾನ್ಯವಾಗಿ 2%, ಅಂದರೆ 30,000, ಅದರ ಮೇಲೆ 5% ವ್ಯಾಟ್ 1,500. ನೋಂದಣಿ ನಡೆಯುವ ಟ್ರಸ್ಟಿ ಕಚೇರಿಗೆ ವ್ಯಾಟ್ ಸೇರಿ 4,200. ಟೈಟಲ್ ಡೀಡ್‌ಗೆ 580. ಅಲ್ಲಿನ ಬ್ಯಾಂಕಿನಲ್ಲಿ ಸಾಲ ಮಾಡಿದರೆ ಅಡಮಾನ ನೋಂದಣಿಗೆ ಸಾಲದ 0.25% ಮತ್ತು 290. ಎಲ್ಲ ಸೇರಿ ಒಂದು ಲಕ್ಷ ದಿರ್ಹಮ್ ಪಕ್ಕಕ್ಕಿಟ್ಟುಕೊಳ್ಳಿ.

ಮಾರುವವರ ಬ್ಯಾಂಕ್ ಸಾಲ ಇನ್ನೂ ತೀರಿಲ್ಲವಂತೆ. ಬಿಟ್ಟುಬಿಡಲಾ?

ಬಿಡಬೇಕಾಗಿಲ್ಲ. ಅಲ್ಲಿ ಇದು ಮಾಮೂಲು. ಬ್ಯಾಂಕಿನಿಂದ ಲಯಬಿಲಿಟಿ ಲೆಟರ್ ತರಿಸಿ, ಎಷ್ಟು ಬಾಕಿ, ಯಾವ ದಿನದವರೆಗೆ ಆ ಲೆಕ್ಕ ಅಂತ ಅದರಲ್ಲಿರುತ್ತದೆ. ಆಮೇಲೆ ಟ್ರಸ್ಟಿ ಕಚೇರಿಯಲ್ಲಿ ಆಸ್ತಿಯನ್ನು ನಿಮ್ಮ ಹೆಸರಿಗೆ ಬ್ಲಾಕ್ ಮಾಡಿಸಿ, ಸಾಲದಷ್ಟು ಮೊತ್ತವನ್ನು ಆ ಬ್ಯಾಂಕಿನ ಹೆಸರಿಗೆ ಮ್ಯಾನೇಜರ್ಸ್ ಚೆಕ್‌ನಲ್ಲಿ (ಬ್ಯಾಂಕೇ ಬರೆದುಕೊಡುವ ಚೆಕ್) ಕೊಡುತ್ತೀರಿ. ಬ್ಲಾಕ್ ಆದ ಮೇಲೆ ಮಾಲೀಕರು ಅದನ್ನು ಬೇರೆಯವರಿಗೆ ಮಾರಲಾಗಲ್ಲ. ಸಾಲ ತೀರಿ ಅಡಮಾನ ತೆಗೆದ ಮೇಲೆ ಉಳಿದ ಹಣ, ನೋಂದಣಿ. ಸಾಲ ತೀರಿಸಲು ಮಾಲೀಕರ ಸ್ವಂತ ಖಾತೆಗೆ ಹಣ ಹಾಕಿ ಅಂದರೆ ಮಾತ್ರ ಒಪ್ಪಬೇಡಿ. ಆ ಹಣ ಬ್ಯಾಂಕಿಗೆ ಹೋಗುತ್ತದೆ ಅನ್ನುವುದಕ್ಕೆ ನಿಮ್ಮ ಕೈಲಿ ಏನೂ ಇರಲ್ಲ.

ಡೆವಲಪರ್ ಎನ್‌ಒಸಿ ಯಾಕೆ? ಮನೆ ಮಾಲೀಕರದಲ್ವಾ?

ಮನೆ ಮಾಲೀಕರದೇ. ಆದರೂ ಡೆವಲಪರ್ ಆಕ್ಷೇಪಣೆ ಇಲ್ಲ ಅಂತ ಪತ್ರ ಕೊಡದೆ ನೋಂದಣಿ ಮುಂದೆ ಹೋಗಲ್ಲ. ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆಯ ಹಣ) ಬಾಕಿ ಇದ್ದರೆ ಪತ್ರ ಸಿಗಲ್ಲ, ಹಾಗಾಗಿ ಈ ಪದ್ಧತಿ ನಿಮಗೇ ಒಳ್ಳೆಯದು. ಶುಲ್ಕ ಸಾಮಾನ್ಯವಾಗಿ 500ರಿಂದ 5,000 ದಿರ್ಹಮ್. ಪತ್ರಕ್ಕೆ ಅವಧಿ ಇರುತ್ತದೆ, ಅದು ಮುಗಿಯುವುದರೊಳಗೆ ನೋಂದಣಿ ದಿನ ಗೊತ್ತುಮಾಡಿಕೊಳ್ಳಿ. ಎನ್‌ಒಸಿ ನೋಡಿದ ಮೇಲೂ ನೀರು-ವಿದ್ಯುತ್ ಇಲಾಖೆ ದೇವಾ ಮತ್ತು ಏಸಿಗೆ ತಣ್ಣೀರು ಕೊಡುವ ಕೂಲಿಂಗ್ ಕಂಪನಿಯ ಕೊನೆಯ ಬಿಲ್ ತೀರಿದೆಯಾ ಅಂತ ಬೇರೆಯಾಗಿ ಕೇಳಿ.

ಸರ್ವಿಸ್ ಚಾರ್ಜ್ ಎಷ್ಟು ಅಂತ ಯಾರನ್ನ ನಂಬೋದು?

ಯಾರನ್ನೂ ಬೇಡ. ಒಂದೊಂದು ಕಟ್ಟಡದ ಸರ್ವಿಸ್ ಚಾರ್ಜ್‌ಗೂ ರೇರಾ ಒಪ್ಪಿಗೆ ಬೇಕು. ಮೊಲ್ಲಾಕ್ ಅನ್ನುವ ವ್ಯವಸ್ಥೆಯಲ್ಲಿ ಅದು ದಾಖಲಾಗುತ್ತದೆ. ಇಲಾಖೆಯ ಸರ್ವಿಸ್ ಚಾರ್ಜ್ ಸೂಚಿಯಲ್ಲಿ ಕಟ್ಟಡದ ಹೆಸರು ಹಾಕಿದರೆ ಚದರ ಅಡಿಗೆ ಎಷ್ಟು ಅಂತ ಕಾಣುತ್ತದೆ. ಚದರ ಅಡಿಗೆ 18 ದಿರ್ಹಮ್ ಅಂತ ಇದ್ದರೆ 1,000 ಅಡಿಯ ಫ್ಲ್ಯಾಟ್‌ಗೆ ವರ್ಷಕ್ಕೆ 18,000. ಬೆಂಗಳೂರಿನ ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಲೆಕ್ಕದಲ್ಲಿ ಯೋಚಿಸಿ ಹೋದವರಿಗೆ ಇದು ದೊಡ್ಡ ಪೆಟ್ಟು. ಬಾಡಿಗೆ ಆದಾಯದ ಆಸೆ ತೋರಿಸುವವರು ಈ ಮೊತ್ತ ಕಳೆಯದೆ ಲೆಕ್ಕ ಹೇಳುತ್ತಾರೆ.

ಏಸಿಯ ತಣ್ಣೀರು ಹೊರಗಿನ ಕಂಪನಿಯಿಂದ ಬರುವ ಕಟ್ಟಡಗಳಲ್ಲಿ ಇನ್ನೊಂದು ಖರ್ಚಿದೆ. ಬಳಸಿದ್ದಕ್ಕೆ ಒಂದು ದರ, ಬಳಸದಿದ್ದರೂ ಕಟ್ಟಬೇಕಾದ ಕೆಪ್ಯಾಸಿಟಿ ಚಾರ್ಜ್ ಬೇರೆ. ಅದು ಸರ್ವಿಸ್ ಚಾರ್ಜ್‌ನೊಳಗೇ ಇದೆಯಾ ಹೊರಗಾ ಅಂತ ಬರಹದಲ್ಲಿ ಕೇಳಿ.

ಒಳಗೆ ಬಾಡಿಗೆದಾರರು ಇದ್ದಾರೆ. ಕೊಂಡ ಮೇಲೆ ಖಾಲಿ ಮಾಡಿಸಬಹುದಲ್ವಾ?

ತಕ್ಷಣ ಆಗಲ್ಲ. ಮಾಲೀಕರು ಬದಲಾದರೂ ಬಾಡಿಗೆ ಕರಾರು ಹಾಗೇ ಮುಂದುವರಿಯುತ್ತದೆ. ನಿಮ್ಮ ಸ್ವಂತ ವಾಸಕ್ಕೆ ಬೇಕು ಅಂದರೂ 12 ತಿಂಗಳ ನೋಟಿಸ್ ಕೊಡಬೇಕು, ಅದೂ ನೋಟರಿ ಮೂಲಕ ಅಥವಾ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ. ವಾಟ್ಸ್‌ಆ್ಯಪ್ ಮೆಸೇಜ್, ಇಮೇಲ್ ನಡೆಯಲ್ಲ. ಹಳೆಯ ಮಾಲೀಕರು "ನೋಟಿಸ್ ಆಗಲೇ ಕೊಟ್ಟಾಗಿದೆ" ಅಂದರೆ ಆ ನೋಟಿಸ್‌ನ ಪ್ರತಿ, ತಲುಪಿದ ದಾಖಲೆ, ಕೊಟ್ಟ ಕಾರಣ ಮೂರನ್ನೂ ನೋಡಿ.

ಬಾಡಿಗೆ ಕರಾರು ಎಜಾರಿ ಅನ್ನುವ ಬಾಡಿಗೆ ನೋಂದಣಿ ವ್ಯವಸ್ಥೆಯಲ್ಲಿ ದಾಖಲಾಗಿರಬೇಕು. ಎಜಾರಿ ಪ್ರಮಾಣಪತ್ರದಲ್ಲಿ ಬಾಡಿಗೆ ಎಷ್ಟು, ಯಾವಾಗ ಮುಗಿಯುತ್ತದೆ ಅಂತಿರುತ್ತದೆ. ಅಲ್ಲಿ ವರ್ಷದ ಬಾಡಿಗೆಯನ್ನು ಮುಂಗಡ ಚೆಕ್‌ಗಳಲ್ಲಿ ಕೊಡುವ ರೂಢಿ. ಉಳಿದ ಚೆಕ್‌ಗಳ ಹಣ ಮತ್ತು ಬಾಡಿಗೆದಾರರ ಡೆಪಾಸಿಟ್ ನಿಮಗೆ ಹೇಗೆ ಬರುತ್ತದೆ ಅಂತ ಫಾರ್ಮ್ ಎಫ್‌ನಲ್ಲೇ ಬರೆಸಿ.

ವಿಲ್ಲಾದಲ್ಲಿ ಒಂದು ರೂಮ್ ಜಾಸ್ತಿ ಕಟ್ಟಿದ್ದಾರೆ, ಈಜುಕೊಳವೂ ಇದೆ. ಲಾಭವೇ ಅಲ್ವಾ?

ಪರ್ಮಿಟ್ ಇದ್ದರೆ ಲಾಭ. ಇಲ್ಲದಿದ್ದರೆ ದಂಡವೂ ಒಡೆಸುವ ಖರ್ಚೂ ನಿಮ್ಮ ಪಾಲಿಗೆ. ಇಂಥ ಕೆಲಸಕ್ಕೆ ಡೆವಲಪರ್ ಎನ್‌ಒಸಿ ಜೊತೆಗೆ ಕಟ್ಟಡ ಪ್ರಾಧಿಕಾರದ ಅನುಮತಿ ಬೇಕು. ಯಾವ ಪ್ರಾಧಿಕಾರ ಅನ್ನುವುದು ಜಾಗದ ಮೇಲೆ. ಹೆಚ್ಚಿನ ಕಡೆ ದುಬೈ ಮುನಿಸಿಪಾಲಿಟಿ, ಪಾಮ್ ಜುಮೇರಾದಂಥ ಕಡೆ ಟ್ರಖೀಸ್, ಇನ್ನು ಕೆಲವು ಕಡೆ ದುಬೈ ಡೆವಲಪ್‌ಮೆಂಟ್ ಅಥಾರಿಟಿ. ಜಾಹೀರಾತಿನ ಟ್ರಖೀಸಿ ಬೇರೆ, ಇದು ಬೇರೆ.

ಒಪ್ಪಿಗೆ ಪಡೆದ ನಕ್ಷೆ ತರಿಸಿ, ಕೈಯಲ್ಲಿ ಹಿಡಿದು ಮನೆ ಸುತ್ತಿ. ನಕ್ಷೆಯಲ್ಲಿಲ್ಲದ ಗೋಡೆ, ಮುಚ್ಚಿದ ಬಾಲ್ಕನಿ, ಕೆಲಸದವರ ಕೋಣೆ ಸಿಕ್ಕರೆ ಒಂದೊಂದಕ್ಕೂ ಅನುಮತಿ ಪತ್ರ ಕೇಳಿ. ನಡುಮನೆಯನ್ನು ಪ್ಲೈವುಡ್‌ನಲ್ಲಿ ಅಡ್ಡಗಟ್ಟಿ ಬಾಡಿಗೆಗೆ ಕೊಟ್ಟ ಫ್ಲ್ಯಾಟ್‌ಗಳಲ್ಲಂತೂ ಇದನ್ನು ಬಿಡಲೇಬೇಡಿ.

## ಇನ್ನೂ ಕಟ್ಟುತ್ತಿರುವ ಮನೆಯಾದರೆ

ಬಿಲ್ಡಿಂಗೇ ಎದ್ದಿಲ್ಲ, ಬರೀ ಬ್ರೋಷರ್ ಇದೆ. ಏನಂತ ಪರೀಕ್ಷೆ ಮಾಡೋದು?

2008ರ ಕುಸಿತದಲ್ಲಿ ದುಬೈನ ಎಷ್ಟೋ ಯೋಜನೆಗಳು ಮರಳಲ್ಲೇ ನಿಂತವು, ಕೆಲವು ರದ್ದಾದವು. ಈಗಿನ ಬಿಗಿ ನಿಯಮಗಳ ಹಿಂದೆ ಆ ಕಾಲದ ಪೆಟ್ಟಿದೆ. ಆದ್ದರಿಂದ ಪರೀಕ್ಷೆ ಮಾಡಲು ಬೇಕಾದಷ್ಟಿದೆ.

ಮೊದಲು ಯೋಜನೆ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ನೋಡಿ. ದುಬೈ ರೆಸ್ಟ್‌ನಲ್ಲಿ ಯೋಜನೆಯ ಹೆಸರು ಹಾಕಿದರೆ ಡೆವಲಪರ್ ಯಾರು, ಕೆಲಸ ಶೇಕಡಾ ಎಷ್ಟಾಗಿದೆ, ಮುಗಿಯುವ ದಿನಾಂಕ ಯಾವುದು ಅಂತ ಕಾಣುತ್ತದೆ. ಮಾರಾಟದವರು "40% ಆಗಿದೆ" ಅಂದು ಆ್ಯಪ್‌ನಲ್ಲಿ 12% ಕಂಡರೆ ಮಾತು ಅಲ್ಲಿಗೇ ಮುಗಿಯಿತು.

ಎರಡನೆಯದು ಎಸ್ಕ್ರೊ ಖಾತೆ. 2007ರ 8ನೇ ಕಾನೂನಿನ ಪ್ರಕಾರ ಕಟ್ಟುವ ಮುಂಚೆಯೇ ಮಾರುವ ಪ್ರತಿ ಯೋಜನೆಗೂ ಪ್ರತ್ಯೇಕ ಎಸ್ಕ್ರೊ ಖಾತೆ ಬೇಕು. ಕೊಳ್ಳುವವರ ಹಣ ಅದರೊಳಗೇ ಹೋಗಬೇಕು, ಆ ಕಟ್ಟಡದ ಕೆಲಸಕ್ಕೇ ಬಳಕೆಯಾಗಬೇಕು. ಕಟ್ಟಡ ಮುಗಿದು ನೋಂದಣಿಯಾದ ಮೇಲೂ 5% ಮೊತ್ತವನ್ನು ಒಂದು ವರ್ಷ ಖಾತೆಯಲ್ಲೇ ಹಿಡಿದಿಡುತ್ತಾರೆ. ಆದರೆ ಈ ರಕ್ಷಣೆ ಇರುವುದು ಎಸ್ಕ್ರೊಗೆ ಹೋದ ಹಣಕ್ಕೆ ಮಾತ್ರ. ದಲ್ಲಾಳಿಯ ಖಾತೆಗೆ ಹಾಕಿದ "ಬುಕಿಂಗ್ ಅಮೌಂಟ್"ಗೆ ಇಲ್ಲ. ಖಾತೆಯ ಹೆಸರಿನಲ್ಲಿ ಯೋಜನೆಯ ಹೆಸರಿದೆಯಾ ನೋಡಿ, ಇಲಾಖೆಯ ದಾಖಲೆಯ ಜೊತೆ ತಾಳೆ ಹಾಕಿ, ಆಮೇಲೆ ಹಣ ಕಳಿಸಿ.

ಮೂರನೆಯದು ಊಕೂದ್, ಅಂದರೆ ಕಟ್ಟುತ್ತಿರುವ ಮನೆಯ ತಾತ್ಕಾಲಿಕ ನೋಂದಣಿ. ಕಟ್ಟುತ್ತಿರುವ ಮನೆಗೆ ಟೈಟಲ್ ಡೀಡ್ ಬರಲ್ಲ, 2008ರ 13ನೇ ಕಾನೂನಿನಂತೆ ತಾತ್ಕಾಲಿಕ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರು ಸೇರುತ್ತದೆ. 4% ಶುಲ್ಕ ಕಟ್ಟುವುದು ಇದಕ್ಕೇ. ಊಕೂದ್ ಪ್ರಮಾಣಪತ್ರ ಬರುವವರೆಗೆ ನಿಮ್ಮ ಕೈಲಿರುವುದು ಬರೀ ರಸೀದಿ. ಬೇರೊಬ್ಬರು ಬುಕ್ ಮಾಡಿದ್ದನ್ನು ನೀವು ಕೊಳ್ಳುವುದಾದರೆ ಮೊದಲು ಅವರ ಹೆಸರಿನ ಊಕೂದ್ ನೋಡಿ. ಇಷ್ಟು ಶೇಕಡಾ ಕಟ್ಟುವವರೆಗೆ ಮಾರುವಂತಿಲ್ಲ ಅಂತ ಡೆವಲಪರ್ ಷರತ್ತು ಹಾಕಿರುತ್ತಾರೆ, ಅದನ್ನೂ ಕೇಳಿ.

ಸೇಲ್ ಅಗ್ರಿಮೆಂಟ್ ಐವತ್ತು ಪುಟ ಇದೆ. ಯಾವುದನ್ನ ಓದ್ಲೇಬೇಕು?

ಪೂರ್ತಿ ಓದಬೇಕು ಅನ್ನುವುದು ಸರಿಯಾದ ಉತ್ತರ, ಯಾರೂ ಓದಲ್ಲ ಅನ್ನುವುದು ನಿಜ. ಕನಿಷ್ಠ ಇವನ್ನು ಹುಡುಕಿ. ಮನೆ ಕೊಡುವ ದಿನಾಂಕ, ಅದನ್ನು ಡೆವಲಪರ್ ಎಷ್ಟು ತಿಂಗಳು ಮುಂದೂಡಬಹುದು, ತಡವಾದರೆ ನಿಮಗೇನು ಕೊಡುತ್ತಾರೆ. ವಿಸ್ತೀರ್ಣ ಕಡಿಮೆ ಬಂದರೆ ಏನು. ದುಬೈ ನಿಯಮದಂತೆ ಹೇಳಿದ್ದಕ್ಕಿಂತ 5%ಗಿಂತ ಜಾಸ್ತಿ ಕಡಿಮೆಯಾದರೆ ಪರಿಹಾರ ಕೊಡಬೇಕು. ಕಟ್ಟಡ ಮುಗಿದ ಮೇಲೆ ರಚನೆಯ ದೋಷಗಳಿಗೆ 10 ವರ್ಷ, ಪ್ಲಂಬಿಂಗ್, ವೈರಿಂಗ್‌ನಂಥವಕ್ಕೆ 1 ವರ್ಷ ಡೆವಲಪರ್ ಹೊಣೆ ಅಂತ 2019ರ 6ನೇ ಕಾನೂನು ಹೇಳುತ್ತದೆ. ಮನೆ ಒಪ್ಪಿಸಿಕೊಳ್ಳುವ ಮುಂಚೆ ಕಟ್ಟಡಕ್ಕೆ ಕಂಪ್ಲೀಷನ್ ಸರ್ಟಿಫಿಕೇಟ್ ಬಂದಿದೆಯಾ ಅಂತಲೂ ನೋಡಿ. ಓಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಇಲ್ಲದ ಅಪಾರ್ಟ್‌ಮೆಂಟಿನ ಪಾಡು ಬೆಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ.

ಮಧ್ಯದಲ್ಲಿ ಕಂತು ಕಟ್ಟೋಕಾಗದಿದ್ದರೆ ಕಟ್ಟಿದ ದುಡ್ಡೆಲ್ಲ ಹೋಗುತ್ತಾ?

ಎಲ್ಲ ಹೋಗದಿರಬಹುದು, ತುಂಬ ಹೋಗುತ್ತದೆ. ಡೆವಲಪರ್ ಇಲಾಖೆಗೆ ತಿಳಿಸಿದ ಮೇಲೆ ನಿಮಗೆ 30 ದಿನದ ನೋಟಿಸ್ ಬರುತ್ತದೆ. ಆಗಲೂ ಕಟ್ಟದಿದ್ದರೆ ಎಷ್ಟು ಹಿಡಿದುಕೊಳ್ಳಬಹುದು ಅನ್ನುವುದು ಕೆಲಸ ಎಷ್ಟಾಗಿದೆ ಅನ್ನುವುದರ ಮೇಲೆ. ಕಟ್ಟಡ 60% ದಾಟಿದ್ದರೆ ಮನೆಯ ಬೆಲೆಯ 40%ವರೆಗೆ. ಕೆಲಸ ಶುರುವಾಗಿ 60% ಒಳಗಿದ್ದರೆ 25%ವರೆಗೆ. ಇದು ನೀವು ಕಟ್ಟಿದ ಹಣದ ಶೇಕಡಾ ಅಲ್ಲ, ಮನೆ ಬೆಲೆಯದು. 15 ಲಕ್ಷದ ಮನೆಗೆ 3 ಲಕ್ಷ ಕಟ್ಟಿ ನಿಲ್ಲಿಸಿದರೆ 25% ಅಂದರೆ 3,75,000. ವಾಪಸ್ ಬರುವುದು ಏನೂ ಇಲ್ಲ.

## ಭಾರತದ ಕಡೆಯ ಕಾಗದ

ಇಲ್ಲಿಂದ ಎಷ್ಟು ದುಡ್ಡು ಕಳಿಸಬಹುದು?

ಭಾರತದ ನಿವಾಸಿಯಾಗಿದ್ದರೆ ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಂದು ಹಣಕಾಸು ವರ್ಷಕ್ಕೆ ಒಬ್ಬರಿಗೆ 2,50,000 ಡಾಲರ್. ದಿರ್ಹಮ್ ಡಾಲರ್‌ಗೆ 3.6725ರ ದರದಲ್ಲಿ ಕಟ್ಟಿಕೊಂಡಿರುವುದರಿಂದ ಅದು ಸುಮಾರು 9,18,000 ದಿರ್ಹಮ್. ನಮ್ಮ 15 ಲಕ್ಷದ ಫ್ಲ್ಯಾಟ್‌ಗೆ ಒಬ್ಬರ ಮಿತಿ ಸಾಲಲ್ಲ. ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ಮಿತಿಯಲ್ಲಿ ಕಳಿಸಬಹುದು. ಹಾಗೆ ಮಾಡಿದರೆ ಇಬ್ಬರ ಹೆಸರೂ ಡೀಡ್‌ನಲ್ಲಿ ಬರುವಂತೆ ನೋಡಿಕೊಳ್ಳಿ.

ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬಿ, ವಿದೇಶದಲ್ಲಿ ಆಸ್ತಿ ಕೊಳ್ಳುವ ಉದ್ದೇಶದ ಕೋಡ್ ಎಸ್0005 ಹಾಕಬೇಕು. "ಕುಟುಂಬ ನಿರ್ವಹಣೆ" ಅಂತ ಹಾಕಿದರೆ ಬೇಗ ಆಗುತ್ತದೆ ಅನ್ನುವ ಸಲಹೆ ಕೇಳಬೇಡಿ. ಹೀಗೆ ಕಳಿಸಲು ಭಾರತದ ಬ್ಯಾಂಕ್ ಸಾಲ ಕೊಡುವಂತಿಲ್ಲ. ಕಳಿಸಿದ ಹಣವನ್ನು ಹೂಡದೆ 180 ದಿನ ಇಟ್ಟುಕೊಂಡರೆ ವಾಪಸ್ ತರಬೇಕು.

ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ 20% ಟಿಸಿಎಸ್ (ಮುಂಗಡವಾಗಿ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ಒಂದು ಕೋಟಿ ಕಳಿಸಿದರೆ 90 ಲಕ್ಷಕ್ಕೆ 18 ಲಕ್ಷ. ರಿಟರ್ನ್ ಹಾಕುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾದದ್ದು ವಾಪಸ್ ಬರುತ್ತದೆ. ಅಲ್ಲಿಯವರೆಗೆ ಆ ಹಣ ಕೈಯಲ್ಲಿರಲ್ಲ, ಮನೆ ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

ಇಲ್ಲಿ ಕ್ಯಾಶ್ ಕೊಟ್ಟರೆ ಅಲ್ಲಿ ಅವರೇ ಕಟ್ತಾರಂತೆ. ಟಿಸಿಎಸ್ಸೂ ಇಲ್ಲ. ಮಾಡಬಹುದಾ?

ಬೇಡ. ಅದು ಹವಾಲಾ. ಕ್ರಿಪ್ಟೊದಲ್ಲಿ ಕಟ್ಟಿ ಅನ್ನುವುದೂ ಎಲ್‌ಆರ್‌ಎಸ್ ದಾರಿ ತಪ್ಪಿಸುವುದೇ. ವಿದೇಶಿ ವಿನಿಮಯದ ಫೆಮಾ ಕಾನೂನಿನಲ್ಲಿ ದಂಡ ಮೊತ್ತದ ಮೂರು ಪಟ್ಟಿನವರೆಗೆ ಇದೆ, ವಿದೇಶದ ಆಸ್ತಿಗೆ ಸಮನಾದ ನಿಮ್ಮ ಇಲ್ಲಿನ ಆಸ್ತಿಯನ್ನು ವಶಪಡಿಸಿಕೊಳ್ಳುವ ಅಧಿಕಾರವೂ ಇದೆ. ದುಬೈನ ಡೀಡ್ ಎಷ್ಟೇ ಶುದ್ಧವಾಗಿರಲಿ, ಹಣ ಹೋದ ದಾರಿಯ ಕಾಗದ ಇಲ್ಲ ಅಂದರೆ ನಾಳೆ ಮಾರಿ ಹಣ ವಾಪಸ್ ತರುವಾಗಲೂ ಸಿಕ್ಕಿಹಾಕಿಕೊಳ್ಳುತ್ತೀರಿ.

ಅಲ್ಲಿನ ಬ್ಯಾಂಕ್ ಸಾಲ, ಡೆವಲಪರ್ ಕಂತು, ಇವೆಲ್ಲ ನಮಗೂ ನಡೆಯುತ್ತಾ?

ನೀವು ಅನಿವಾಸಿಯಾಗಿದ್ದು ಅಲ್ಲೇ ದುಡಿಯುತ್ತಿದ್ದರೆ ಅಲ್ಲಿನ ಸಂಬಳದ ಮೇಲೆ ಸಾಲ ತೆಗೆದುಕೊಳ್ಳಲು ಭಾರತದ ಅಡ್ಡಿ ಇಲ್ಲ. ಮುಂದೆ ಊರಿಗೆ ಮರಳಿದರೂ ಆ ಮನೆ ಇಟ್ಟುಕೊಳ್ಳಬಹುದು, ಫೆಮಾದ 6(4)ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕೊಂಡಾಗ ನೀವು ಅನಿವಾಸಿಯಾಗಿದ್ದಿರಿ ಅನ್ನುವುದಕ್ಕೆ ವೀಸಾ ಪುಟ, ಸಂಬಳದ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್ ಎತ್ತಿಡಿ. ಹದಿನೈದು ವರ್ಷದ ಮೇಲೆ ಯಾರಾದರೂ ಕೇಳಿದಾಗ ಅವು ಬೇಕಾಗುತ್ತವೆ.

ಭಾರತದ ನಿವಾಸಿಗಳಿಗೆ ವಿಷಯ ಬೇರೆ. ವಿದೇಶಿ ಬ್ಯಾಂಕಿನಿಂದ ಮನೆ ಸಾಲ ತೆಗೆಯುವುದಕ್ಕೆ ಫೆಮಾ ಅಡ್ಡ ಬರುತ್ತದೆ. ಮನೆ ಕೈಗೆ ಬಂದ ಮೇಲೂ ವರ್ಷಗಟ್ಟಲೆ ನಡೆಯುವ ಡೆವಲಪರ್ ಕಂತು ಸಾಲದ ಹಾಗೆಯೇ ಕಾಣುತ್ತದೆ. ಸಹಿಗೆ ಮುಂಚೆ ಆ ಕಂತಿನ ಪಟ್ಟಿಯನ್ನು ನಿಮ್ಮ ಬ್ಯಾಂಕಿಗೂ ಸಿಎಗೂ ತೋರಿಸಿ ಬರಹದಲ್ಲಿ ಅಭಿಪ್ರಾಯ ತಗೊಳ್ಳಿ.

ದುಬೈನಲ್ಲಿ ತೆರಿಗೆ ಇಲ್ಲವಲ್ಲ, ಇಲ್ಲಿ ತೋರಿಸಬೇಕಾ?

ತೋರಿಸಲೇಬೇಕು. ಭಾರತದ ಸಾಮಾನ್ಯ ನಿವಾಸಿಯಾದರೆ ರಿಟರ್ನ್‌ನ ಶೆಡ್ಯೂಲ್ ಎಫ್ಎ ಭಾಗದಲ್ಲಿ ಆ ಆಸ್ತಿಯ ವಿವರ ಪ್ರತಿ ವರ್ಷ ಬರಬೇಕು, ಬಾಡಿಗೆ ಬಂದರೆ ಅದಕ್ಕೆ ಇಲ್ಲಿ ತೆರಿಗೆ. ಬಿಟ್ಟರೆ 2015ರ ಕಪ್ಪುಹಣ ಕಾನೂನಿನಲ್ಲಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಸಣ್ಣ ವಿದೇಶಿ ಆಸ್ತಿಗಳಿಗೆ 2024ರ ಅಕ್ಟೋಬರ್‌ನಿಂದ ಕೊಟ್ಟ 20 ಲಕ್ಷದ ವಿನಾಯಿತಿ ಮನೆ, ಜಮೀನಿಗೆ ಅನ್ವಯಿಸಲ್ಲ.

## ಇನ್ನಷ್ಟು ಆಳದವು

ನಾನು ಹೋಗೋಕಾಗಲ್ಲ. ಅಲ್ಲಿರೋ ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಟ್ಟರೆ ಸಾಕಾ?

ಸಾಕು, ಅದನ್ನು ಸರಿಯಾಗಿ ಮಾಡಿಸಿದರೆ. ಇಲ್ಲಿ ನೋಟರಿ, ಆಮೇಲೆ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ. ಜೊತೆಗೆ ಅಲ್ಲಿ ಲೈಸೆನ್ಸ್ ಇರುವ ಅನುವಾದಕರಿಂದ ಅರಬ್ಬಿ ಅನುವಾದ. ಬರೀ ಅಪಾಸ್ಟಿಲ್ ಮುದ್ರೆ (ಹಲವು ದೇಶಗಳು ಒಪ್ಪುವ ದೃಢೀಕರಣ) ನೆಚ್ಚಿಕೊಂಡು ಹೋಗಬೇಡಿ. ಯಾವ ಯುನಿಟ್, ಕೊಳ್ಳಲು ಮಾತ್ರವಾ ಮಾರಲೂ ಅಧಿಕಾರವಾ, ಹಣ ಪಡೆಯಬಹುದಾ ಅಂತ ಸ್ಪಷ್ಟವಾಗಿ ಬರೆಸಿ. ತಮ್ಮನ ಮೇಲೆ ನಂಬಿಕೆ ಇದ್ದರೂ ಕೊಳ್ಳಲಷ್ಟೇ ಕೊಡಿ.

ಮಾರುವ ಕಡೆಯವರು ಪವರ್ ಆಫ್ ಅಟಾರ್ನಿ ಹಿಡಿದು ಬಂದರೆ ಅದನ್ನು ನೋಂದಣಿ ಮಾಡಿದ ನೋಟರಿ ಕಚೇರಿಯಲ್ಲೇ ತಾಳೆ ನೋಡಿಸಿ, ಮಾಲೀಕರ ಜೊತೆ ವಿಡಿಯೊ ಕರೆಯಲ್ಲಿ ಮಾತಾಡಿ. ಮಾಲೀಕರು ಕಂಪನಿಯಾದರೆ ಟ್ರೇಡ್ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಸಹಿ ಹಾಕುವವರಿಗೆ ಕಂಪನಿಯ ನಿರ್ಣಯ ಅಧಿಕಾರ ಕೊಟ್ಟಿದೆಯಾ ನೋಡಿ.

ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಟ್ಟರೆ ಜಾಸ್ತಿ ಬರುತ್ತಂತೆ?

ಬರಬಹುದು. ಅದಕ್ಕೆ ದುಬೈ ಆರ್ಥಿಕತೆ ಮತ್ತು ಪ್ರವಾಸೋದ್ಯಮ ಇಲಾಖೆಯ ಹಾಲಿಡೇ ಹೋಮ್ ಪರ್ಮಿಟ್ ಬೇಕು. ಕೊಳ್ಳುವ ಮುಂಚೆ ಆ ಕಟ್ಟಡದ ನಿಯಮ ಇದಕ್ಕೆ ಬಿಡುತ್ತದೆಯಾ ಅಂತ ಕೇಳಿ.

ನಾನು ತೀರಿಕೊಂಡರೆ ಆ ಮನೆ ಯಾರಿಗೆ ಹೋಗುತ್ತೆ? ಇಲ್ಲಿನ ವಿಲ್ ನಡೆಯುತ್ತಾ?

ಬರೀ ಇಲ್ಲಿನ ವಿಲ್ ನೆಚ್ಚಿಕೊಂಡರೆ ಮನೆಯವರು ಅಲ್ಲಿ ದೃಢೀಕರಣ, ಅನುವಾದ, ಕೋರ್ಟು ಅಂತ ಓಡಾಡಬೇಕಾಗುತ್ತದೆ. ಮುಸ್ಲಿಮೇತರರು ದುಬೈನ ಡಿಐಎಫ್‌ಸಿಯಲ್ಲಿ (ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ) ವಿಲ್ ನೋಂದಣಿ ಮಾಡಿಸಬಹುದು, 2015ರಿಂದ ಈ ಸೌಲಭ್ಯ ಇದೆ. ವಿಲ್ ಇಲ್ಲದೆ ಹೋದರೆ, 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ಮುಸ್ಲಿಮೇತರರ ಕಾನೂನಿನಂತೆ ಅರ್ಧ ಪಾಲು ಗಂಡ ಅಥವಾ ಹೆಂಡತಿಗೆ, ಉಳಿದರ್ಧ ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ ಸಮವಾಗಿ. ವಾರಸುದಾರರು ತಮ್ಮ ದೇಶದ ಕಾನೂನನ್ನು ಅನ್ವಯಿಸಿ ಅಂತ ಕೇಳುವ ಅವಕಾಶವೂ ಇದೆ. ಮುಸ್ಲಿಮರಾದರೆ ಶರಿಯಾ ಆಧಾರದ ಕಾನೂನಿನ ಪಾಲುಗಳು ಬರುತ್ತವೆ, ಕೊಳ್ಳುವಾಗಲೇ ಡೀಡ್‌ನಲ್ಲಿ ಯಾರ ಹೆಸರು ಎಷ್ಟು ಪಾಲಿಗೆ ಅಂತ ವಕೀಲರ ಜೊತೆ ಕೂತು ಬರೆಸುವುದು ಒಳ್ಳೆಯದು. ಡೀಡ್‌ನ ಪ್ರತಿ, ಡೀಡ್ ನಂಬರ್, ಅಲ್ಲಿನ ಬ್ಯಾಂಕ್ ಖಾತೆ, ವಿಲ್ ಎಲ್ಲಿದೆ ಅನ್ನುವುದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ.